ಆ ಐವರಲ್ಲಿ ಒಬ್ಬರು ಆ ಮನೆಯವರಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯ ಕೊನೇ ಪುಟದಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್ ತೆಗೆದ ದೊಡ್ಡದೊಂದು ಬಣ್ಣದ ಚಿತ್ರ ಹಾಕಿದ್ದಿರಿ. ಹತ್ತಿರ ಹತ್ತಿರ ಮುಕ್ಕಾಲು ಪುಟ. ಜಾಹೀರಾತು ಬರಬಹುದಾದ ಜಾಗವನ್ನು ಆಕಾಶಕ್ಕೆ ಬಿಟ್ಟುಕೊಟ್ಟಿದ್ದಕ್ಕೆ ಮೊದಲು ಮನಸಾರೆ ಥ್ಯಾಂಕ್ಸ್ ಹೇಳುತ್ತೇನೆ. ಆದರೆ ಅದರ ಕೆಳಗೆ ಒಂದು ಸಾಲು ಬರೆದಿದ್ದಿರಿ: ‘ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುವ ಐದು ಗ್ಯಾಲಕ್ಸಿಗಳು’. ಆ ಸಾಲು ತಪ್ಪು. ಒಂದನ್ನೊಂದು ಹಿಡಿದು ಎಳೆದಾಡುತ್ತಿರುವುದು ನಾಲ್ಕು. ಎಡಗಡೆ ತುದಿಯಲ್ಲಿ ದೊಡ್ಡದಾಗಿ, ಚೆಂದವಾಗಿ ಕಾಣುವ ಐದನೆಯದಕ್ಕೂ ಉಳಿದವಕ್ಕೂ ಸಂಬಂಧವೇ ಇಲ್ಲ. ಅದು ಕ್ಯಾಮೆರಾಗೆ ಬಹಳ ಹತ್ತಿರ ನಿಂತಿದೆ, ಅಷ್ಟೆ.

ಒಂದು ಸಾಲಿಗೋಸ್ಕರ ಇಷ್ಟುದ್ದದ ಪತ್ರ ಯಾಕೆ ಅಂತ ನಿಮಗೆ ಅನಿಸಬಹುದು. ಹೇಳುತ್ತೇನೆ.

ನಾನು ಹೊಸದುರ್ಗದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವವನು. 1988ರಲ್ಲಿ ಶುರು ಮಾಡಿದ್ದು. ಆಗ ಹಿಂದಿನ ಕೋಣೆಯೇ ಡಾರ್ಕ್‌ರೂಮು. ಕೆಂಪು ಬಲ್ಬು, ಮೂರು ಟ್ರೇ, ಡೆವಲಪರ್, ಹೈಪೋ. ಈಗ ಆ ಕೋಣೆಯಲ್ಲಿ ಪ್ರಿಂಟರು, ಲ್ಯಾಮಿನೇಷನ್ ಮೆಷಿನ್ನು ಕೂತಿವೆ. ಸೋಮವಾರ ಸಂಜೆ ನಮ್ಮ ಬೀದಿಯ ಹುಡುಗಿಯೊಬ್ಬಳು, ಎಂಟನೇ ಕ್ಲಾಸು, ನಿಮ್ಮ ಆ ಪುಟವನ್ನು ನೀಟಾಗಿ ಕತ್ತರಿಸಿಕೊಂಡು ಬಂದಳು. ಸ್ಕೂಲಿನ ವಿಜ್ಞಾನದ ಗೋಡೆಗೆ ಹಾಕಬೇಕಂತೆ.

“ತಾತ, ಇದನ್ನ ಲ್ಯಾಮಿನೇಷನ್ ಮಾಡಿಕೊಡಿ. ಎಷ್ಟಾಗುತ್ತೆ?”

“ದುಡ್ಡಿನ ಮಾತು ಆಮೇಲೆ. ಇದರಲ್ಲಿ ಎಷ್ಟು ಗ್ಯಾಲಕ್ಸಿ ಇದಾವೆ ಹೇಳು ಪುಟ್ಟಿ.”

“ಐದು. ಡಿಕ್ಕಿ ಹೊಡೀತಾ ಇದಾವೆ.”

ಎಡಗಡೆಯದರ ಮೇಲೆ ಬೆರಳಿಟ್ಟು, ಇದು ಅವುಗಳ ಜೊತೆ ಇಲ್ಲ ಅಂದೆ. ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದಳು. ಆಮೇಲೆ ಕೌಂಟರ್ ಮೇಲಿದ್ದ ಕತ್ತರಿಗೆ ಕೈ ಹಾಕಿ, “ಹಾಗಾದ್ರೆ ಇದನ್ನ ಕಟ್ ಮಾಡಿಬಿಡ್ಲಾ ತಾತ?” ಅಂದಳು.

ಬೇಡ ಅಂದೆ. ಯಾಕೆ ಬೇಡ ಅಂತ ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ಅವಳಿಗೆ ಮೊದಲು ತೋರಿಸಿದ್ದು 1994ರ ಒಂದು ಮದುವೆ ಗ್ರೂಪ್ ಫೋಟೊ. ನಾನೇ ತೆಗೆದದ್ದು. ಹಿಂದೆ ಎರಡು ಸಾಲು, ಮುಂದೆ ಮದುಮಕ್ಕಳು, ಕೆಳಗೆ ಮಕ್ಕಳು. ಎಡಗಡೆ ಅಂಚಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ದೊಡ್ಡ ಆಳು. ಫೋಟೊ ಕೊಡಲು ಹೋದಾಗ ಗಂಡಿನ ಕಡೆಯವರು ಇವರು ಹೆಣ್ಣಿನ ಕಡೆಯವರು ಅಂದರು. ಹೆಣ್ಣಿನ ಕಡೆಯವರು ಅವರೇ ಗಂಡಿನ ದೊಡ್ಡಪ್ಪ ಇರಬೇಕು ಅಂದುಕೊಂಡಿದ್ದರು. ಯಾರಿಗೂ ಗೊತ್ತಿಲ್ಲ. ಅದೇ ದಿನ ಪಕ್ಕದ ಕಲ್ಯಾಣ ಮಂಟಪದಲ್ಲೂ ಒಂದು ಮದುವೆ ಇತ್ತು. ಅದನ್ನು ನನ್ನ ಹುಡುಗ ತೆಗೆದಿದ್ದ. ಆ ನೆಗೆಟಿವ್‌ಗಳನ್ನು ಪ್ರಿಂಟ್ ಹಾಕುವಾಗ ಕೆಂಪು ಬೆಳಕಿನಲ್ಲಿ ಟ್ರೇ ಒಳಗಿಂದ ಅದೇ ಮುಖ ಮೆಲ್ಲಗೆ ಎದ್ದು ಬಂತು. ತನ್ನ ನೆಂಟರ ನಡುವೆ, ಅದೇ ಟವೆಲ್, ಊಟದ ಪಂಕ್ತಿಯಲ್ಲಿ.

ಆ ಫೋಟೊವನ್ನು ಸರಿಯಾಗಿ ನೋಡಿದ್ದರೆ ಮೊದಲೇ ಗೊತ್ತಾಗಬೇಕಿತ್ತು. ಆತನ ಶರ್ಟು ಫ್ಲ್ಯಾಷ್‌ಗೆ ಬೆಳ್ಳಗೆ ಸುಟ್ಟುಹೋಗಿದೆ. ಹಿಂದಿನವರೆಲ್ಲ ಹದವಾಗಿ ಬಂದಿದ್ದಾರೆ. ಅಂದರೆ ಆತ ಸಾಲಿಗಿಂತ ತುಂಬ ಮುಂದೆ ಇದ್ದ. ಫೋಟೊ ಅನ್ನೋದು ಆಳವನ್ನು ಚಪ್ಪಟೆ ಮಾಡಿಬಿಡುತ್ತೆ. ಹತ್ತು ಅಡಿ ಮುಂದಿದ್ದವನೂ ಹಿಂದಿದ್ದವನೂ ಕಾಗದದ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಆಕಾಶವೂ ಹಾಗೇ ಅಲ್ವಾ? ನಾವು ನೋಡುವುದು ಒಂದು ದೊಡ್ಡ ಗ್ರೂಪ್ ಫೋಟೊ. ಯಾರು ಎಷ್ಟು ಹಿಂದೆ ಅಂತ ಅದು ತಾನಾಗಿ ಹೇಳುವುದಿಲ್ಲ.

ನೀವು ಹಾಕಿದ ಗುಂಪಿನ ಹೆಸರು ಸ್ಟೆಫಾನ್ಸ್ ಕ್ವಿಂಟೆಟ್, ಸ್ಟೆಫಾನನ ಐವರು. ಫ್ರಾನ್ಸಿನ ಮಾರ್ಸೇ ಊರಿನ ವೀಕ್ಷಣಾಲಯದಲ್ಲಿ ಎದುವಾರ್ ಸ್ಟೆಫಾನ್ ಎಂಬುವರು 1877ರಲ್ಲಿ ಇದನ್ನು ಕಂಡುಹಿಡಿದರು. ಅವರ ಕೈಯಲ್ಲಿದ್ದದ್ದು ಲೆಯೋನ್ ಫೂಕೋ ಮಾಡಿದ 80 ಸೆಂಟಿಮೀಟರ್ ಅಗಲದ ಬೆಳ್ಳಿ ಲೇಪದ ಗಾಜಿನ ಕನ್ನಡಿ. ಆ ಕಾಲಕ್ಕೆ ಗ್ಯಾಲಕ್ಸಿ ಅಂದರೆ ಏನು ಅಂತಲೇ ಯಾರಿಗೂ ಖಾತ್ರಿ ಇರಲಿಲ್ಲ. ಮಬ್ಬು ಚುಕ್ಕೆಗಳು ಒತ್ತೊತ್ತಾಗಿ ಕಂಡವು, ಬರೆದಿಟ್ಟರು. ಮುಂದೆ 84 ವರ್ಷ ಅವು ಐವರಾಗಿಯೇ ಉಳಿದವು.

1961ರಲ್ಲಿ ಖಗೋಳ ವಿಜ್ಞಾನಿಗಳಾದ ಬರ್ಬಿಜ್ ದಂಪತಿ, ಮಾರ್ಗರೆಟ್ ಮತ್ತು ಜೆಫ್ರಿ, ಇವುಗಳ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರು. ಪ್ರತಿ ಧಾತುವಿಗೂ ಅದರದೇ ಗೆರೆಗಳು ಇರುತ್ತವೆ. ಹೈಡ್ರೋಜನ್ನಿನ ಒಂದು ಕೆಂಪು ಗೆರೆ 656.3 ನ್ಯಾನೋಮೀಟರ್ ಅಲೆಯುದ್ದದಲ್ಲಿ ಬರುತ್ತೆ. ವಸ್ತು ನಮ್ಮಿಂದ ದೂರ ಓಡುತ್ತಿದ್ದರೆ ಆ ಗೆರೆ ಇನ್ನೂ ಕೆಂಪಿನ ಕಡೆಗೆ ಸರಿಯುತ್ತೆ. ಎಷ್ಟು ಸರಿದಿದೆಯೋ ಅಷ್ಟು ವೇಗ. ಗ್ಯಾಲಕ್ಸಿಗಳಲ್ಲಿ ವೇಗ ಜಾಸ್ತಿ ಅಂದರೆ ದೂರವೂ ಜಾಸ್ತಿ. ಗುಂಪಿನ ಬಹುಪಾಲು ಸದಸ್ಯರು ಸೆಕೆಂಡಿಗೆ 6,600 ಕಿಲೋಮೀಟರಿನ ಆಸುಪಾಸಿನಲ್ಲಿ ದೂರ ಹೋಗುತ್ತಿದ್ದಾರೆ. ಅವುಗಳ ಆ ಗೆರೆ 671 ನ್ಯಾನೋಮೀಟರ್ ಹತ್ತಿರ ಬಂದು ಕೂತಿರುತ್ತೆ. ಎಡಗಡೆಯದು, ಅಂದರೆ ಎನ್‌ಜಿಸಿ 7320 (ಆಕಾಶದ ಮಬ್ಬುಗಳ ಹಳೇ ಪಟ್ಟಿಯೊಂದರಲ್ಲಿ ಅದರ ನಂಬರು), ಬರೀ 800 ಕಿಲೋಮೀಟರ್ ವೇಗದ್ದು. ಅದರ ಗೆರೆ 658ರ ಹತ್ತಿರ. ಒಂದೇ ಬೆಂಚಿನ ಮೇಲೆ ಕೂತಂತೆ ಕಂಡವರ ನಡುವೆ ಅಷ್ಟು ವ್ಯತ್ಯಾಸ!

ತಕ್ಷಣ ಎಲ್ಲರೂ ಒಪ್ಪಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಒಬ್ಬ ಹೊರಗಿನವನು ಫ್ರೇಮಿನ ಒಳಗೆ ಬಂದು ನಿಲ್ಲುತ್ತಾನಾ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಹಾಲ್ಟನ್ ಆರ್ಪ್ ಅಂತ ಒಬ್ಬ ಖಗೋಳ ವಿಜ್ಞಾನಿ ಇದ್ದರು. ವಿಚಿತ್ರ ಆಕಾರದ ಗ್ಯಾಲಕ್ಸಿಗಳ ಫೋಟೊಗಳ ಸಂಪುಟವನ್ನೇ ಮಾಡಿದವರು. ಗೆರೆ ಸರಿದದ್ದನ್ನೆಲ್ಲ ದೂರ ಅಂತ ಓದಬಾರದು ಅನ್ನುವುದು ಅವರ ಹಠ. ಐದೂ ಒಟ್ಟಿಗೇ ಇವೆ ಅಂತ ಅವರು ವಾದಿಸಿದರು. ಚರ್ಚೆ ದಶಕಗಟ್ಟಲೆ ನಡೆಯಿತು. ಅದನ್ನು ತೀರ್ಮಾನಿಸಿದ್ದರಲ್ಲಿ ಒಂದು ದಾರಿ ನಮ್ಮ ಕಸುಬಿನವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಹತ್ತಿರ ನಿಂತವನ ಮುಖದ ಮೇಲಿನ ಮಚ್ಚೆ ಕೂಡ ಕಾಣುತ್ತೆ, ಹಿಂದಿನ ಸಾಲಿನವನದು ಕಾಣಲ್ಲ. ನಿಮ್ಮ ಪುಟದಲ್ಲೇ ಭೂತಗನ್ನಡಿ ಇಟ್ಟು ನೋಡಿ. ಎಡಗಡೆಯದು ಮರಳು ಚೆಲ್ಲಿದಂತೆ ಕಾಳು ಕಾಳಾಗಿದೆ. ವೆಬ್ ಟೆಲಿಸ್ಕೋಪಿಗೆ ಅದರ ಎಷ್ಟೋ ನಕ್ಷತ್ರಗಳು ಬೇರೆ ಬೇರೆಯಾಗಿ ಸಿಕ್ಕಿವೆ. ಉಳಿದ ನಾಲ್ಕರ ಮೈ ಹಾಗಿಲ್ಲ, ಹಾಲಿನಂತೆ ನುಣುಪು.

ಈಗ ಗೊತ್ತಿರುವ ಲೆಕ್ಕ ಇಷ್ಟು. ಎನ್‌ಜಿಸಿ 7320 ನಮ್ಮಿಂದ ಸುಮಾರು 4 ಕೋಟಿ ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಉಳಿದ ನಾಲ್ಕು ಸುಮಾರು 29 ಕೋಟಿ. ಏಳು ಪಟ್ಟು ಹಿಂದೆ. ಫ್ಲ್ಯಾಷ್ ಹಿಡಿದವರಿಗೆ ಇದರ ಅರ್ಥ ಗೊತ್ತು: ದೂರ ಏಳು ಪಟ್ಟಾದರೆ ಬೆಳಕು ಸುಮಾರು 50ರಲ್ಲಿ ಒಂದು ಪಾಲಿಗೆ ಇಳಿಯುತ್ತೆ. 7320ನ್ನು ಎತ್ತಿ ಆ ನಾಲ್ಕರ ಪಕ್ಕ ಇಟ್ಟರೆ ಅದು ಒಂದು ಚಿಕ್ಕ ಮಸುಕು ಅಷ್ಟೆ. ಚಿತ್ರದಲ್ಲಿ ಯಜಮಾನನ ಹಾಗೆ ಕಾಣುವುದು ಮುಂದೆ ನಿಂತಿರುವುದರಿಂದ.

ಹಾಗಾದರೆ ಅದು ಯಾರ ಮನೆಯದು? ಇದನ್ನು ಹೇಳಿದಾಗ ನಮ್ಮ ಹುಡುಗಿ ಕೈ ತಟ್ಟಿದಳು. ಆ ಐವರಿಂದ ಅರ್ಧ ಡಿಗ್ರಿ ಆಚೆ, ಅಂದರೆ ಹುಣ್ಣಿಮೆ ಚಂದ್ರನ ಅಗಲದಷ್ಟು ಪಕ್ಕಕ್ಕೆ, ಎನ್‌ಜಿಸಿ 7331 ಅಂತ ಒಂದು ದೊಡ್ಡ ಸುರುಳಿ ಗ್ಯಾಲಕ್ಸಿ ಇದೆ. ಅದರ ವೇಗವೂ ಸೆಕೆಂಡಿಗೆ 800 ಕಿಲೋಮೀಟರಿನ ಹತ್ತಿರವೇ. 7320 ಆ ಕಡೆಯ ಬಳಗದ್ದು. ಪಕ್ಕದ ಮಂಟಪದ ನೆಂಟ!

ಇವನ್ನೆಲ್ಲ ಸುಮ್ನೆ ಓದಿಕೊಂಡು ಬರೆಯುತ್ತಿಲ್ಲ. ನನ್ನ ಹತ್ತಿರ ಹತ್ತು ಇಂಚಿನ ಕನ್ನಡಿಯ ಒಂದು ಟೆಲಿಸ್ಕೋಪ್ ಇದೆ. ಭಾವಮೈದುನನ ತೆಂಗಿನ ತೋಟ ಊರಿಂದ 14 ಕಿಲೋಮೀಟರ್. ಅಮಾವಾಸ್ಯೆಯ ಹಿಂದೆ ಮುಂದೆ ಅಲ್ಲಿಗೆ ಹೋಗುತ್ತೇನೆ. ತೋಟದ ಪಕ್ಕದ ಕಣದಲ್ಲಿ ಟೆಲಿಸ್ಕೋಪ್ ಇಡುತ್ತೇನೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಹತ್ತಿ ಆರುತ್ತಿರುತ್ತವೆ. ಕೆಂಪು ಬೆಳಕಿನಿಂದ ಕಣ್ಣಿಗೆ ಜಾಸ್ತಿ ತೊಂದರೆಯಿಲ್ಲ. ಡಾರ್ಕ್‌ರೂಮಿನ ಹಳೇ ಬಲ್ಬನ್ನೇ ಅಲ್ಲಿಗೂ ಒಯ್ಯುತ್ತೇನೆ. ನಕ್ಷೆ ನೋಡಲು ಅದೇ ದೀಪ.

ನವೆಂಬರ್ ತಿಂಗಳ ಸಂಜೆ ನೆತ್ತಿಯ ಮೇಲೆ ನಾಲ್ಕು ನಕ್ಷತ್ರಗಳ ಒಂದು ದೊಡ್ಡ ಚೌಕ ಬರುತ್ತೆ. ನಮ್ಮ ಪೂರ್ವಾಭಾದ್ರೆ, ಉತ್ತರಾಭಾದ್ರೆ ಇರುವುದು ಅಲ್ಲೇ. ಆ ಚೌಕದ ವಾಯವ್ಯ ಮೂಲೆಯಿಂದ ಇನ್ನೂ ಸ್ವಲ್ಪ ಆಚೆ ಹೋದರೆ 7331 ಸಿಗುತ್ತೆ. ಅದು ಸುಲಭ, ಓರೆಯಾಗಿ ಹಿಡಿದ ತಟ್ಟೆಯ ಹಾಗೆ ಬೂದಿ ಬಣ್ಣದಲ್ಲಿ ಕಾಣುತ್ತೆ. ಅಲ್ಲಿಂದ ಒಂದು ಚಂದ್ರನಷ್ಟು ಸರಿಸಬೇಕು. ನನಗೆ ಮೂರು ವರ್ಷ ಏನೂ ಕಾಣಲಿಲ್ಲ. ಒಂದು ವರ್ಷ ಮೋಡ, ಒಂದು ವರ್ಷ ಇಬ್ಬನಿ, ಇನ್ನೊಂದು ವರ್ಷ ಜಾಗವೇ ತಪ್ಪು. ನಾಲ್ಕನೇ ವರ್ಷ, ರಾತ್ರಿ ಎಂಟೂವರೆ ಇರಬೇಕು, ಒಂದು ಗಂಟೆ ಕತ್ತಲಲ್ಲೇ ಕೂತು ಕಣ್ಣು ಪಳಗಿಸಿದ ಮೇಲೆ ಕಂಡಿತು. ಚಳಿಗಾಲದಲ್ಲಿ ಕನ್ನಡಿಯ ಮೇಲೆ ಒಮ್ಮೆ ಉಸಿರು ಬಿಟ್ಟರೆ ಮಬ್ಬು ಕೂರುತ್ತಲ್ಲ, ಅದು ಆರುವ ಮುಂಚಿನ ಗಳಿಗೆ ಹೇಗಿರುತ್ತೋ ಹಾಗೆ. ನೇರ ನೋಡಿದರೆ ಮಾಯ. ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿದರೆ ಮತ್ತೆ ಇದೆ. ಕಣ್ಣಿನ ನಟ್ಟನಡು ಭಾಗಕ್ಕೆ ಮಂದ ಬೆಳಕು ಹಿಡಿಯುವ ಶಕ್ತಿ ಕಡಿಮೆ, ಅಂಚಿಗೆ ಜಾಸ್ತಿ. ಹಾಗಾಗಿ ಓರೆಗಣ್ಣಿನಲ್ಲೇ ನೋಡಬೇಕು. ಅವತ್ತು ಮೂರು ಮಬ್ಬು ಖಚಿತವಾಗಿ ಕಂಡವು. ನಾಲ್ಕನೆಯದು ಬಂದು ಬಂದು ಹೋಯಿತು. ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಅದೇ 7320.

ಅದನ್ನು ನೋಡುತ್ತಾ ನನಗೆ ತೋಚಿದ್ದನ್ನು ಹೇಳಿಬಿಡುತ್ತೇನೆ. ಹಿಂದಿನ ಮಬ್ಬುಗಳಿಂದ ಆ ಬೆಳಕು ಹೊರಟಾಗ ಭೂಮಿಯ ಮೇಲೆ ಡೈನೋಸಾರ್‌ಗಳು ಇನ್ನೂ ಹುಟ್ಟಿರಲಿಲ್ಲ. ಮುಂದಿನದರಿಂದ ಹೊರಟಾಗ ಅವು ಬಂದು, ಬಾಳಿ, ಅಳಿದುಹೋಗಿದ್ದವು. ಎರಡೂ ಬೆಳಕು ಒಂದೇ ಗಳಿಗೆಯಲ್ಲಿ ನನ್ನ ಕಣ್ಣಿಗೆ ಬಿದ್ದವು. ಇಷ್ಟು ವರ್ಷ ಶಟರ್ ಒತ್ತಿದ್ದೇನೆ. 25 ಕೋಟಿ ವರ್ಷದ ಅಂತರ ಒಂದೇ ಫ್ರೇಮಿನಲ್ಲಿ ಕೂಡಿದ್ದನ್ನು ಬೇರೆಲ್ಲೂ ನೋಡಿಲ್ಲ. ಹುಡುಗಿಗೆ ಕತ್ತರಿ ಬೇಡ ಅಂದದ್ದು ಇದಕ್ಕೇ.

ಇನ್ನು ಆ ನಿಜವಾದ ನಾಲ್ವರ ಸಂಗತಿ. ‘ಡಿಕ್ಕಿ’ ಅನ್ನುವ ಮಾತಿಗೂ ನನ್ನ ಸಣ್ಣ ತಕರಾರು ಇದೆ. ಡಿಕ್ಕಿ ಅಂದ ಕೂಡಲೆ ಹೈವೇ ಮೇಲಿನ ಎರಡು ಲಾರಿ ಕಣ್ಣ ಮುಂದೆ ಬರುತ್ತವೆ. ಗ್ಯಾಲಕ್ಸಿಗಳು ಒಂದರೊಳಗೊಂದು ಹಾದು ಹೋದರೂ ನಕ್ಷತ್ರಕ್ಕೆ ನಕ್ಷತ್ರ ತಾಗುವುದು ಇಲ್ಲವೆಂದೇ ಹೇಳಬಹುದು. ನಮ್ಮ ಸೂರ್ಯ ಒಂದು ರಾಗಿ ಕಾಳು ಅಂತ ಇಟ್ಟುಕೊಳ್ಳಿ. ಅದನ್ನು ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿಟ್ಟರೆ ಮುಂದಿನ ರಾಗಿ ಕಾಳು 40 ಕಿಲೋಮೀಟರ್ ಆಚೆ. ನಡುವೆ ಬರೀ ಖಾಲಿ. ಖಾಲಿಯಲ್ಲಿ ಖಾಲಿ ಹಾದು ಹೋಗುತ್ತೆ. ನಿಜಕ್ಕೂ ಅಪ್ಪಳಿಸುವುದು ಗ್ಯಾಲಕ್ಸಿಗಳ ನಡುವೆ ಹರಡಿರುವ ಅನಿಲ. ನಕ್ಷತ್ರಗಳ ಮೇಲೆ ಕೆಲಸ ಮಾಡುವುದು ಗುರುತ್ವದ ಸೆಳೆತ. ಚಪಾತಿ ಹಿಟ್ಟು ಎಳೆದಂತೆ ಉದ್ದುದ್ದ ಬಾಲಗಳು ಏಳುತ್ತವೆ.

ಚಿತ್ರದ ನಡುವೆ ಅಂಟಿಕೊಂಡಂತೆ ಎರಡು ಇವೆ, 7318ಎ ಮತ್ತು 7318ಬಿ. ಇದರಲ್ಲಿ ಬಿ ಹೊಸದಾಗಿ ನುಗ್ಗುತ್ತಿರುವುದು. ಅದರ ವೇಗ ಉಳಿದವಕ್ಕಿಂತ ಸೆಕೆಂಡಿಗೆ ಸುಮಾರು 900 ಕಿಲೋಮೀಟರ್ ಕಡಿಮೆ. ಅಂದರೆ ಅದು ಗುಂಪಿನ ಹಿಂದಿನಿಂದ ನಮ್ಮ ಕಡೆಗೆ ತೂರಿ ಬರುತ್ತಿದೆ. ಬೆಂಗಳೂರಿಂದ ಮುಂಬೈ ಹತ್ತಿರದವರೆಗೆ ಒಂದು ಸೆಕೆಂಡು! ಅಷ್ಟು ವೇಗದಲ್ಲಿ ಬಂದು, ಗುಂಪಿನ ನಡುವೆ ಮೊದಲೇ ಚೆಲ್ಲಿದ್ದ ಅನಿಲಕ್ಕೆ ಬಡಿದಾಗ ಒಂದು ಆಘಾತದ ಅಲೆ ಎದ್ದಿದೆ. ಆ ಅಲೆಯ ಉದ್ದ ನಮ್ಮ ಇಡೀ ಆಕಾಶಗಂಗೆಯ ಅಗಲಕ್ಕೆ ಹೋಲಿಸುವಷ್ಟು. ಅನಿಲ ಲಕ್ಷಾಂತರ ಡಿಗ್ರಿ ಕಾದು ಎಕ್ಸ್‌ರೇ ಉಗುಳುತ್ತಿದೆ. ವಿಚಿತ್ರ ಏನೆಂದರೆ 2006ರಲ್ಲಿ ಸ್ಪಿಟ್ಜರ್ ಟೆಲಿಸ್ಕೋಪ್ ಅದೇ ಜಾಗದಲ್ಲಿ ಹೈಡ್ರೋಜನ್ ಅಣುಗಳ ಜೋರಾದ ಹೊಳಪು ಕಂಡುಹಿಡಿಯಿತು. ಅಣುಗಳು ಒಡೆದು ಪುಡಿಯಾಗಿರಬೇಕಾದ ಕುಲುಮೆಯಲ್ಲಿ ಅವು ಇನ್ನೂ ಇದ್ದವು. 2024ರಲ್ಲಿ ಸ್ಪೇನಿನ ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷೆಲ್ ಟೆಲಿಸ್ಕೋಪಿಗೆ ಹೊಸದಾಗಿ ಕೂಡಿಸಿದ ವೀವ್ ಎಂಬ ಉಪಕರಣದಿಂದ ಈ ಅಲೆಯನ್ನು ಮತ್ತೆ ಅಳೆದರು. ತಣ್ಣನೆಯ ಅನಿಲದಲ್ಲಿ ಅಲೆ ಜೋರು, ಕಾದ ಅನಿಲದಲ್ಲಿ ಸಪ್ಪೆ ಅಂತ ಗೊತ್ತಾಯಿತು. ಒಂದೇ ಅಲೆಗೆ ಎರಡು ನಡವಳಿಕೆ.

ಮೇಲ್ಗಡೆಯ ಎನ್‌ಜಿಸಿ 7319ರ ನಡುವೆ ನಮ್ಮ ಸೂರ್ಯನ 2.4 ಕೋಟಿ ಪಟ್ಟು ತೂಕದ ಕಪ್ಪುಕುಳಿ ಇದೆ. ಸುತ್ತಲಿನದನ್ನು ನುಂಗುತ್ತಾ 4,000 ಕೋಟಿ ಸೂರ್ಯರಷ್ಟು ಬೆಳಕು ಚೆಲ್ಲುತ್ತಿದೆ. ಹಿಂದೊಮ್ಮೆ ಇನ್ನೊಂದು ಗ್ಯಾಲಕ್ಸಿ, 7320ಸಿ ಅಂತ, ಈ ಮನೆಯೊಳಗೆ ನುಗ್ಗಿ ಎಳೆದಾಡಿ ಹೊರಟುಹೋಗಿದೆ. ಅದು ನಿಮ್ಮ ಚಿತ್ರದ ಚೌಕಟ್ಟಿನಲ್ಲೇ ಇಲ್ಲ. ಲೆಕ್ಕಕ್ಕೆ ಬೇಕಾದ ಐದನೆಯವನು ಬೇಕಾದರೆ ಅವನೇ ಆಗಬಹುದು. 2022ರ ಅಕ್ಟೋಬರ್‌ನಲ್ಲಿ ಚೀನಾದ ‘ಫಾಸ್ಟ್’ ಎಂಬ ರೇಡಿಯೊ ಟೆಲಿಸ್ಕೋಪಿನವರು ಈ ಗುಂಪಿನ ಸುತ್ತ ಹೈಡ್ರೋಜನ್ ಅನಿಲದ ತೆಳುವಾದ ಹೊದಿಕೆ ಹಬ್ಬಿರುವುದನ್ನು ತೋರಿಸಿದರು. ಸುಮಾರು 20 ಲಕ್ಷ ಜ್ಯೋತಿರ್ವರ್ಷ ಉದ್ದ. ನಮ್ಮ ಆಕಾಶಗಂಗೆಯ ಅಗಲ 1 ಲಕ್ಷದ ಆಸುಪಾಸು. ನೂರು ಕೋಟಿ ವರ್ಷದ ಹಿಂದಿನ ಯಾವುದೋ ಎಳೆದಾಟದ ಗುರುತು ಅದು ಅನ್ನುತ್ತಾರೆ. ನೀವು ಹಾಕಿದ ಚಿತ್ರದಲ್ಲಿ ಕಪ್ಪಾಗಿ ಖಾಲಿ ಕಾಣುವ ಕಡೆ ಕೂಡ ಇವರ ಮನೆಯ ಅಂಗಳವೇ.

ಇಂಥ ಒತ್ತೊತ್ತಾದ ಗುಂಪು ಇದೊಂದೇ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಹಿಕ್ಸನ್ 1982ರಲ್ಲಿ ಇಂಥ 100 ಗುಂಪುಗಳ ಪಟ್ಟಿ ಮಾಡಿದರು. ಕಂಪ್ಯೂಟರ್ ಆರಿಸಿಕೊಟ್ಟದ್ದಲ್ಲ. ಅಮೆರಿಕದ ಪಲೋಮರ್ ವೀಕ್ಷಣಾಲಯದವರು ತೆಗೆದ ಆಕಾಶದ ಫೋಟೊ ಪ್ರಿಂಟುಗಳನ್ನು ಕಣ್ಣಿಟ್ಟು ಹುಡುಕಿದ್ದು. ಪ್ರಿಂಟ್ ನೋಡಿ ನೋಡಿ ಕಣ್ಣು ಸವೆಸಿದ ನನಗೆ ಅವರ ಮೇಲೆ ದೊಡ್ಡ ಗೌರವ. ಅವರ ನಿಯಮ ಸರಳ. ಹೆಚ್ಚುಕಡಿಮೆ ಒಂದೇ ಹೊಳಪಿನ ನಾಲ್ಕಾದರೂ ಇರಬೇಕು, ಒತ್ತಾಗಿರಬೇಕು, ಸುತ್ತಮುತ್ತ ಅಂಥವು ಬೇರೆ ಇರಬಾರದು. ಸ್ಟೆಫಾನನ ಗುಂಪು ಅವರ ಪಟ್ಟಿಯಲ್ಲಿ 92ನೆಯದು. ಹತ್ತು ವರ್ಷ ಬಿಟ್ಟು, 1992ರಲ್ಲಿ, ಎಲ್ಲದರ ವೇಗ ಅಳೆದ ಲೆಕ್ಕ ಹೊರಬಂತು. ನೂರರಲ್ಲಿ 92 ಗುಂಪುಗಳಲ್ಲಿ ಕೊನೇ ಪಕ್ಷ ಮೂವರಾದರೂ ನಿಜವಾದ ಮನೆಮಂದಿ. ಹೊರಗಿನವರು ಬಂದು ನಿಂತ ಫೋಟೊ ಬೇರೆಯೂ ಇವೆ. ಸೇಫರ್ಟ್‌ನ ಆರ್ವರು ಅಂತ ಹೆಸರಾದ 79ನೆಯದರಲ್ಲಿ ನಿಜಕ್ಕೂ ಇರುವುದು ನಾಲ್ವರೇ. ಒಬ್ಬ ತುಂಬ ಹಿಂದೆ ನಿಂತ ಹೊರಗಿನವನು, ಇನ್ನೊಂದು ಗ್ಯಾಲಕ್ಸಿಯೇ ಅಲ್ಲ, ಎಳೆದಾಟದಲ್ಲಿ ಕಿತ್ತುಬಂದ ನಕ್ಷತ್ರಗಳ ಬಾಲ. ಆ ನಾಲ್ವರೂ ಸೇರಿ ನಮ್ಮ ಆಕಾಶಗಂಗೆಯೊಂದರ ಜಾಗದಲ್ಲಿ ತುರುಕಿಕೊಂಡಿದ್ದಾರೆ. ನಮ್ಮ ದೊಡ್ಡ ನೆರೆಮನೆ ಆಂಡ್ರೊಮಿಡಾ ಗ್ಯಾಲಕ್ಸಿ ನಮ್ಮಿಂದ 25 ಲಕ್ಷ ಜ್ಯೋತಿರ್ವರ್ಷ ದೂರ ಅನ್ನುವುದನ್ನು ನೆನೆದರೆ ಆ ಇಕ್ಕಟ್ಟು ಗೊತ್ತಾಗುತ್ತೆ.

ಇಕ್ಕಟ್ಟಿನ ಜೊತೆಗೆ ಇನ್ನೊಂದು ಸಂಗತಿ ಇದೆ. ಸಾವಿರಾರು ಗ್ಯಾಲಕ್ಸಿಗಳ ದೊಡ್ಡ ಜಾತ್ರೆಗಳಲ್ಲಿ ಎಲ್ಲವೂ ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಹತ್ತಿರ ಓಡುತ್ತಿರುತ್ತವೆ. ಒಂದನ್ನೊಂದು ದಾಟಿ ಹೋಗಿಬಿಡುತ್ತವೆ. ಈ ಚಿಕ್ಕ ಗುಂಪುಗಳಲ್ಲಿ ಸಾಮಾನ್ಯವಾಗಿ ವೇಗ 200ರ ಆಸುಪಾಸು. ನಿಧಾನ. ಹಾಗಾಗಿ ಸೆಳೆತಕ್ಕೆ ಕೆಲಸ ಮಾಡಲು ಬಿಡುವು ಸಿಗುತ್ತೆ. ಬಸ್ಸಿನಲ್ಲಿ ಹಾದು ಹೋದವರು ಮರೆತುಹೋಗುತ್ತಾರೆ, ಒಂದೇ ಮನೆಯಲ್ಲಿ ಬಾಳಿದವರು ಒಬ್ಬರನ್ನೊಬ್ಬರು ಬದಲಾಯಿಸಿಬಿಡುತ್ತಾರೆ. ಈ ಗುಂಪುಗಳ ಸುರುಳಿ ಗ್ಯಾಲಕ್ಸಿಗಳಲ್ಲಿ ಹೈಡ್ರೋಜನ್ ಇರಬೇಕಾದ್ದಕ್ಕಿಂತ ಕಡಿಮೆ. ಅನಿಲ ಹೋದರೆ ಹೊಸ ನಕ್ಷತ್ರ ಹುಟ್ಟುವುದು ನಿಲ್ಲುತ್ತೆ. ನೀಲಿ ಸುರುಳಿ ಮಾಸಿ ಹಳದಿ ಉಂಡೆಯ ಕಡೆಗೆ ಹೊರಳುತ್ತೆ. ಕೊನೆಗೆ ಎಲ್ಲವೂ ಕೂಡಿ ಒಂದೇ ದೊಡ್ಡ ಗ್ಯಾಲಕ್ಸಿಯಾಗುತ್ತೆ ಅಂತ ಖಗೋಳ ವಿಜ್ಞಾನಿ ಜೋಶುವಾ ಬಾರ್ನ್ಸ್ 1989ರಲ್ಲೇ ಕಂಪ್ಯೂಟರಿನಲ್ಲಿ ನಡೆಸಿ ತೋರಿಸಿದ್ದರು. ಹಾಗೆ ಕೂಡಿ ಮುಗಿದಂಥ ಒಂಟಿ ದೈತ್ಯಗಳೂ ಸಿಕ್ಕಿವೆ. ಆದರೆ ಬೇಗ ಕೂಡಿಕೊಳ್ಳುವುದಾದರೆ ಇಷ್ಟೊಂದು ಗುಂಪು ಇನ್ನೂ ಯಾಕೆ ಉಳಿದಿವೆ ಅನ್ನುವುದು ಹಳೇ ಪ್ರಶ್ನೆ. ಹೊಸಬರು ಬಂದು ಸೇರುತ್ತಲೇ ಇರುತ್ತಾರೆ ಅನ್ನುವುದು ಒಂದು ಉತ್ತರ. 7318ಬಿ ನುಗ್ಗುತ್ತಿರುವುದನ್ನು ನೋಡಿದರೆ ನನಗೆ ಅದೇ ಸರಿ ಅನಿಸುತ್ತೆ.

ಈ ಪಟ್ಟಿ ಮಾಡಿದ ಹಿಕ್ಸನ್ನರಿಗೂ ನಮ್ಮ ದೇಶಕ್ಕೂ ನಂಟಿದೆ. ನೈನಿತಾಲ್ ಹತ್ತಿರದ ದೇವಸ್ಥಲದಲ್ಲಿ ಭಾರತ, ಬೆಲ್ಜಿಯಂ, ಕೆನಡಾ ಮುಂತಾದವು ಸೇರಿ ಕಟ್ಟಿದ ದ್ರವ ಕನ್ನಡಿಯ ಟೆಲಿಸ್ಕೋಪ್ ಇದೆ. 4 ಮೀಟರ್ ಅಗಲದ ಬಟ್ಟಲಿನಲ್ಲಿ ಪಾದರಸ ಹಾಕಿ, ಎಂಟು ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸುತ್ತಾರೆ. ತಿರುಗುವಾಗ ಪಾದರಸ ತಾನಾಗಿ ಬಾಗಿ ಕನ್ನಡಿಯಾಗುತ್ತೆ. ಅದರ ಹಿಂದಿನ ಮುಖ್ಯ ತಲೆಗಳಲ್ಲಿ ಹಿಕ್ಸನ್ ಒಬ್ಬರು. 2022ರಲ್ಲಿ ಅದು ಕಣ್ಣು ಬಿಟ್ಟಿತು. ನೆಟ್ಟಗೆ ನೆತ್ತಿಯ ಕಡೆ ಮಾತ್ರ ನೋಡಬಲ್ಲದು. ಸ್ಟೆಫಾನನ ಗುಂಪು ಅದರ ನೆತ್ತಿಗಿಂತ ನಾಲ್ಕೂವರೆ ಡಿಗ್ರಿ ಉತ್ತರಕ್ಕೆ ಹಾದು ಹೋಗುತ್ತೆ, ಸಿಗುವುದಿಲ್ಲ. ಅದಿರಲಿ, ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ ಅನ್ನುವುದು ನಿಮ್ಮ ಎಷ್ಟು ಓದುಗರಿಗೆ ಗೊತ್ತು? ಅದರ ಮೇಲೆ ಒಂದು ಭಾನುವಾರ ಯಾರನ್ನಾದರೂ ಕಳಿಸಿ ಬರೆಸಿ.

ನನ್ನ ಕೋರಿಕೆ ಇಷ್ಟೇ. ಮುಂದಿನ ಭಾನುವಾರ ಒಂದು ಚಿಕ್ಕ ತಿದ್ದುಪಡಿ ಹಾಕಿ. ‘ಐದು’ ಅನ್ನುವುದನ್ನು ‘ನಾಲ್ಕು’ ಅಂತ ಬದಲಾಯಿಸಿ ಕೈತೊಳೆದುಕೊಳ್ಳಬೇಡಿ. ಎಡಗಡೆಯದು 4 ಕೋಟಿ ಜ್ಯೋತಿರ್ವರ್ಷ, ಉಳಿದವು 29 ಕೋಟಿ ಅಂತ ಎರಡೂ ಅಂಕಿ ಬರೆಯಿರಿ. ಅದನ್ನು ಮೊದಲು ಗೆರೆಗಳ ಜಾರುವಿಕೆಯಿಂದ ಕಂಡುಹಿಡಿದರು ಅಂತ ಒಂದು ಸಾಲು ಸೇರಿಸಿ. ವೆಬ್‌ನವರು ಸುಮಾರು ಸಾವಿರ ಚಿತ್ರ ಹೊಲಿದು, 15 ಕೋಟಿ ಪಿಕ್ಸೆಲ್‌ನ ಈ ಒಂದು ಫೋಟೊ ಮಾಡಿದ್ದಾರೆ. ಅಷ್ಟು ಕೆಲಸಕ್ಕೆ ಮೂರು ಸಾಲಿನ ಸರಿಯಾದ ವಿವರಣೆ ಕೊಡುವುದು ದೊಡ್ಡದಲ್ಲ.

ಹುಡುಗಿಯ ಚಿತ್ರ ಇನ್ನೂ ನನ್ನ ಕೌಂಟರ್ ಮೇಲೇ ಇದೆ. ಐದೂ ಹಾಗೇ ಇವೆ. ಅವಳು ಕತ್ತರಿಸಿದ್ದು ನಿಮ್ಮ ಅಡಿಬರಹವನ್ನು ಮಾತ್ರ. ಅಲ್ಲಿ ಎರಡು ಇಂಚು ಬಿಳೀ ಕಾಗದ ಅಂಟಿಸಿ, ಖಾಲಿ ಬಿಟ್ಟಿದ್ದಾಳೆ. ಪೇಪರಿನಲ್ಲಿ ಬಂದದ್ದನ್ನೇ ಅಲ್ಲಿ ಅಂಟಿಸಬೇಕಂತೆ, ಕೈಯಲ್ಲಿ ಬರೆದರೆ ಸ್ಕೂಲಿನಲ್ಲಿ ಯಾರೂ ನಂಬಲ್ಲವಂತೆ. ಲ್ಯಾಮಿನೇಷನ್ ಭಾನುವಾರದವರೆಗೆ ತಡೆದಿಟ್ಟಿದ್ದೇನೆ.

ನಿಮ್ಮ ಹಳೆಯ ಓದುಗ,
ಸ್ಟುಡಿಯೊದವನು, ಹೊಸದುರ್ಗ